ಕೋಟೆ, ಶಾಸನ ಇಲ್ಲದ ಊರಿನ ಇತಿಹಾಸ ಬರೆಯೋದು ಹೇಗೆ?

ಪ್ರಶ್ನೆ: ನಮ್ಮದು ಯಲಬುರ್ಗಾ ತಾಲ್ಲೂಕಿನ ಎರೆ ಸೀಮೆಯ ಸಣ್ಣ ಊರು. ಕೋಟೆ ಇಲ್ಲ, ಶಾಸನ ಇಲ್ಲ, ಹೇಳಿಕೊಳ್ಳುವಂಥ ಗುಡಿಯೂ ಇಲ್ಲ. ಊರಿನ ಇತಿಹಾಸ ಬರೆಯಬೇಕು ಅಂತ ಬಹಳ ಆಸೆ. ಎಲ್ಲಿಂದ ಶುರು ಮಾಡಲಿ?
– ಒಬ್ಬ ಓದುಗ, ಕೊಪ್ಪಳ ಜಿಲ್ಲೆ

ಉತ್ತರ: ಮೊದಲು ಹೆಳವರನ್ನು, ಅಂದರೆ ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವವರನ್ನು ಹುಡುಕಿ. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಈಗಲೂ ಬರುತ್ತಾರೆ. ಕಟ್ಟೆ ಮೇಲೆ ಕೂತು ಹೊತ್ತಿಗೆ ಬಿಚ್ಚಿದರೆ ಸಾಕು, ನಿಮ್ಮ ಮನೆತನದ ಹಿರೀಕರ ಹೆಸರು ಸಾಲಾಗಿ ಬರುತ್ತವೆ. ಮೂಲ ಊರು ಯಾವುದು, ಯಾಕೆ ಬಿಟ್ಟು ಬಂದರು, ಅಣ್ಣತಮ್ಮಂದಿರು ಎಲ್ಲೆಲ್ಲಿ ಚದುರಿದರು, ಎಲ್ಲಾ ಹೇಳುತ್ತಾರೆ. ಕಾಳುಕಡಿ ಕೊಟ್ಟು, ಗೌರವದಿಂದ ಕೇಳಿ. ನಾಲ್ಕು ಮನೆತನದ್ದು ಬರೆದುಕೊಂಡರೆ ಊರು ಹೇಗೆ ಕೂಡಿತು ಅನ್ನೋದು ತಿಳಿಯುತ್ತದೆ.

ಹಿರಿಯರ ಹತ್ತಿರ ಸುಮ್ನೆ ಇಸವಿ ಕೇಳಬೇಡಿ. ರಜಾಕಾರರ (ನಿಜಾಮರ ಪರವಾಗಿದ್ದ ಸಶಸ್ತ್ರ ಪಡೆ) ಗಲಾಟೆಯಲ್ಲಿ ಎಲ್ಲಿಗೆ ಓಡಿಹೋಗಿದ್ದಿರಿ? ತುಂಗಭದ್ರಾ ಡ್ಯಾಂ ಕಟ್ಟುವಾಗ ಮದುವೆ ಆಗಿತ್ತಾ? 1972ರ ಬರದಲ್ಲಿ ಏನು ತಿಂದಿರಿ? ಹೀಗೆ ಕೇಳಿ. ಕೊಪ್ಪಳ, ಯಲಬುರ್ಗಾ ಎರಡೂ ನಿಜಾಮರ ರಾಜ್ಯದಲ್ಲಿ ದಿವಾನರ ಮನೆತನವಾದ ಸಾಲಾರ್ ಜಂಗರ ಜಹಗೀರಾಗಿದ್ದವು. 1947–48ರಲ್ಲಿ ಗಡಿ ದಾಟಿ, ನಿಜಾಮರ ವಿರುದ್ಧ ಹೋರಾಡುತ್ತಿದ್ದವರ ಮುಂಡರಗಿ ಶಿಬಿರ ಸೇರಿದವರು ಬಹಳ. ಅಳವಂಡಿ ಶಿವಮೂರ್ತಿಸ್ವಾಮಿಗಳು ಅದರ ಮುಂದಾಳು. ನಿಮ್ಮೂರಿಂದ ಯಾರಾದರೂ ಹೋಗಿದ್ದರಾ, ವಿಚಾರಿಸಿ.

ಊರಲ್ಲಿ ಹಾಳುಬಿದ್ದ ಹುಡೇವು (ಕಾವಲಿನ ಬುರುಜು) ಇದ್ದರೆ ಅಳತೆ ತೆಗೆದು ಫೋಟೊ ಹಿಡಿಯಿರಿ. ಹಗೇವು (ಕಾಳು ತುಂಬಿಡುವ ನೆಲದೊಳಗಿನ ಗುಂಡಿ) ಎಲ್ಲೆಲ್ಲಿದ್ದವು ಅಂತ ನಕ್ಷೆ ಬರೆಯಿರಿ. ನಾನು ಕುಷ್ಟಗಿ ಕಡೆಯವನು. ಬಿಳಿಜೋಳದ ಹಗೇವು ತೆಗೆಯುವ ದಿನ ನಮ್ಮಜ್ಜ ಬಾಯಿಕಲ್ಲು ಸರಿಸಿ, ಬಹಳ ಹೊತ್ತು ಗಾಳಿಯಾಡಲು ಬಿಡುತ್ತಿದ್ದ. ಆಮೇಲೆ ಲಾಟೀನಿಗೆ ಹಗ್ಗ ಕಟ್ಟಿ ಒಳಗೆ ಬಿಡೋದು. ದೀಪ ಆರಿದರೆ ಅವತ್ತು ಯಾರೂ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಜೀವ ತೆಗೆಯುತ್ತದೆ. ಇಂಥದ್ದು ಯಾವ ಸರ್ಕಾರಿ ಕಾಗದದಲ್ಲೂ ಸಿಗೋದಿಲ್ಲ, ಅಲ್ವಾ?

ಅಲಾಯಿ ಹಬ್ಬವನ್ನು, ಅಂದರೆ ಮೊಹರಂ ಅನ್ನು ಮಾತ್ರ ಬಿಡಬೇಡಿ. ಮುಸ್ಲಿಮರ ಮನೆ ಒಂದೂ ಇಲ್ಲದ ಊರಲ್ಲೂ ಪೀರಲ ದೇವರು ಕೂರುತ್ತವೆ. ಬೆಂಕಿಯ ಕುಣಿ ಅಗೆಯುವವರು ಯಾರು, ಕಟ್ಟಿಗೆ ಯಾವ ಮನೆಯದು, ದೇವರು ಹೊರುವವರು ಯಾರು, ಹಬ್ಬದಲ್ಲಿ ಹಾಡುವ ರಿವಾಯತ್ ಪದ ಯಾರಿಗೆ ಬರುತ್ತವೆ, ಒಂದೊಂದನ್ನೂ ಬರೆಯಿರಿ. ಪದಗಳನ್ನು ಹಾಡುವವರ ಒಪ್ಪಿಗೆ ಕೇಳಿಯೇ ರೆಕಾರ್ಡ್ ಮಾಡಿಕೊಳ್ಳಿ.

ಗೌಡರು, ಕುಲಕರ್ಣಿಯವರ ಮನೆ ಕಟ್ಟೆಯಲ್ಲೇ ಕೂತು ಬರೆದರೆ ಅದು ಅರ್ಧ ಊರಿನ ಕಥೆ. ಕೇರಿಗೆ ಹೋಗಿ. ಯಾವ ಬಾವಿಯ ನೀರು ಯಾರಿಗೆ ಇರಲಿಲ್ಲ, ಜೀತಕ್ಕೆ ಇದ್ದವರು ಯಾರು ಅಂತ ಕೇಳಿ. ಕೇಳಿದ್ದನ್ನು ಮೆತ್ತಗೆ ಮಾಡದೆ ಬರೆಯಿರಿ. ಹೆಣ್ಣುಮಕ್ಕಳನ್ನೂ ಮಾತಾಡಿಸಿ. ಬರಗಾಲದಲ್ಲಿ ಒಲೆ ಹಚ್ಚಿದವರು ಅವರೇ.

ಕಾಗದಪತ್ರಕ್ಕೆ ಶಾಲೆಯ ಹಳೇ ದಾಖಲಾತಿ ಪುಸ್ತಕ ನೋಡಿ. ಮನೆ ಟ್ರಂಕುಗಳಲ್ಲಿ ನಿಜಾಮರ ಕಾಲದ ಉರ್ದು ಪತ್ರಗಳು ಇರಬಹುದು. ಆಗ ಉರ್ದು ಶಾಲೆಯಲ್ಲಿ ಓದಿದವರು ಈಗ ಬಹಳ ಜನ ಉಳಿದಿಲ್ಲ. ಹತ್ತಿರದ ಊರಲ್ಲಿ ಒಬ್ಬರಿದ್ದರೂ ಈ ವಾರವೇ ಹೋಗಿ ಓದಿಸಿಕೊಂಡು ಬನ್ನಿ.