ಮಗ ಫೈನಲ್‌ನಲ್ಲಿ ಸೋತು ಬಂದಿದ್ದಾನೆ, ಅಪ್ಪನಾಗಿ ಏನು ಹೇಳಲಿ?

ನೀವು ಬರೆದಿರುವುದು ಇಷ್ಟು: ಮಗ ಬಿ.ಕಾಂ. ಎರಡನೇ ವರ್ಷ. ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಅಂತರ ಕಾಲೇಜು ಕೂಟದ 400 ಮೀಟರ್ ಫೈನಲ್‌ನಲ್ಲಿ ನಾಲ್ಕನೆಯವನಾದ. ಕೊನೆಯ ಐವತ್ತು ಮೀಟರಿನಲ್ಲಿ ಇಬ್ಬರು ಅವನನ್ನು ದಾಟಿಕೊಂಡು ಹೋದರು. ಮೂರು ದಿನದಿಂದ ಮನೆಯಲ್ಲಿ ಮಾತಿಲ್ಲ, "ಓಟ ಬಿಟ್ಟುಬಿಡ್ತೀನಿ" ಅಂತಿದ್ದಾನೆ. ಈ ವಯಸ್ಸಿನ ಓಟಗಾರರಿಗೆ ತರಬೇತಿ ಕೊಡುವವನಾಗಿ ಉತ್ತರಿಸುತ್ತಿದ್ದೇನೆ.

"ಬಿಟ್ಟುಬಿಡ್ತೀನಿ" ಅನ್ನುವ ಮಾತಿಗೆ ಈ ವಾರ ಉತ್ತರ ಕೊಡಲು ಹೋಗಬೇಡಿ. "ಬಿಡಬೇಡ" ಅಂದರೆ ವಾದ ಶುರುವಾಗುತ್ತದೆ. "ಬಿಡು, ಓದಿನ ಕಡೆ ಗಮನ ಕೊಡು" ಅಂದರೆ ಅಪ್ಪನಿಗೂ ನನ್ನ ಮೇಲೆ ನಂಬಿಕೆ ಹೋಯಿತು ಅಂದುಕೊಳ್ಳುತ್ತಾನೆ. "ಆಯ್ತು ಕಣೋ, ಈಗ ಏನೂ ತೀರ್ಮಾನ ಮಾಡೋದು ಬೇಡ, ಮುಂದಿನ ಭಾನುವಾರ ಕೂತು ಮಾತಾಡೋಣ" ಅಂದರೆ ಸಾಕು. ದಿನ ಗೊತ್ತಾಗಿದ್ದರೆ ಅವನೂ ಅಲ್ಲಿಯವರೆಗೆ ಸ್ವಲ್ಪ ಹಗುರಾಗುತ್ತಾನೆ.

ಅಪ್ಪಂದಿರ ಬಾಯಲ್ಲಿ ತಾನಾಗಿ ಬರುವ ಕೆಲವು ಮಾತುಗಳು ಈಗ ಬೇಡ. ಒಂದು, "ಹೊರಗಿನ ಲೇನ್ ಸಿಕ್ಕಿತ್ತು, ಅದಕ್ಕೇ ಹೀಗಾಯ್ತು." ಲೇನ್ ಅವನ ಕೈಯಲ್ಲಿಲ್ಲ. ಸೋಲಿನ ಕಾರಣವೇ ಅದಾದರೆ, ಸರಿಪಡಿಸಿಕೊಳ್ಳಲು ಅವನಿಗೆ ಏನೂ ಉಳಿಯುವುದಿಲ್ಲ. ಇನ್ನೊಂದು, ಎಲ್ಲಕ್ಕಿಂತ ಹೆಚ್ಚು ಚುಚ್ಚುವುದು: "ಕೊನೇಲಿ ಇನ್ನೊಂಚೂರು ಜೋರಾಗಿ ಓಡಿದ್ರೆ ಆಗ್ತಿತ್ತು."

ಈ ಮಾತು ಯಾಕೆ ತಪ್ಪು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. 400 ಮೀಟರಿನ ಕೊನೆಯ ನೂರರಲ್ಲಿ ಯಾರೂ ವೇಗ ಹೆಚ್ಚಿಸಿಕೊಳ್ಳುವುದಿಲ್ಲ. ಎಲ್ಲರೂ ನಿಧಾನವಾಗುತ್ತಿರುತ್ತಾರೆ, ಒಲಿಂಪಿಕ್ಸ್ ಓಟಗಾರರೂ ಅಷ್ಟೇ. ಸ್ನಾಯುವಿನಲ್ಲಿ ಆಮ್ಲೀಯತೆ ಏರಿ ಕಾಲು ಕಟ್ಟಿಕೊಳ್ಳುತ್ತದೆ, ಮೊಣಕಾಲು ಮೇಲೇಳುವುದಿಲ್ಲ, ಭುಜ ಬಿಗಿಯಾಗಿ ಕಿವಿಯ ಕಡೆ ಏರುತ್ತದೆ. ನಿಮ್ಮ ಮಗನನ್ನು ದಾಟಿದವರು ಜೋರಾದವರಲ್ಲ, ಅವನಿಗಿಂತ ಕಡಿಮೆ ನಿಧಾನವಾದವರು. ಇದು ಅವನಿಗೆ ಗೊತ್ತು. ಗೊತ್ತಿದ್ದವನಿಗೆ "ಇನ್ನೊಂಚೂರು ಜೋರಾಗಿ" ಅಂದರೆ "ನೀನು ಪ್ರಯತ್ನವನ್ನೇ ಮಾಡಲಿಲ್ಲ" ಅಂತಲೇ ಕೇಳಿಸುತ್ತದೆ.

ಹಾಗಾಗಿ ನನ್ನ ಸಲಹೆ: ಹುರಿದುಂಬಿಸುವ ಮೊದಲು ಅವನ ಓಟವನ್ನು ನೀವೇ ಅರ್ಥ ಮಾಡಿಕೊಳ್ಳಿ. ಮೊಬೈಲ್‌ನಲ್ಲಿ ವಿಡಿಯೋ ಇದ್ದರೆ ಹತ್ತು ನಿಮಿಷದ ಕೆಲಸ. ಕೊನೆಯ ತಿರುವು ಶುರುವಾಗುವ ಕಡೆ ಲೇನಿಗೊಂದರಂತೆ ಹಿಂದೆ ಮುಂದೆ ಎಳೆದ ಬಿಳಿ ಗೆರೆಗಳಿರುತ್ತವೆ, 200 ಮೀಟರ್ ಓಟ ಹೊರಡುವ ಜಾಗ. ಅವನು ತನ್ನ ಲೇನಿನ ಗೆರೆ ದಾಟುವಾಗ ಸ್ಟಾಪ್‌ವಾಚ್ ಒತ್ತಿ, ಫಿನಿಶ್‌ನಲ್ಲಿ ನಿಲ್ಲಿಸಿ. ಅದು ಎರಡನೇ ಅರ್ಧ. ಅಧಿಕೃತ ಸಮಯದಿಂದ ಅದನ್ನು ಕಳೆದರೆ ಮೊದಲ ಅರ್ಧ ಸಿಗುತ್ತದೆ. ಗನ್ ಸದ್ದಿನಿಂದ ಅಳೆಯಬೇಡಿ, ನೂರು ಮೀಟರ್ ದೂರ ಕೂತವರಿಗೆ ಅದು ಸುಮಾರು 0.3 ಸೆಕೆಂಡ್ ತಡವಾಗಿ ಕೇಳುತ್ತದೆ.

ಕಾಲೇಜು ಮಟ್ಟದಲ್ಲಿ ಎರಡನೇ ಅರ್ಧಕ್ಕೆ ಎರಡರಿಂದ ಮೂರು ಸೆಕೆಂಡ್ ಹೆಚ್ಚು ಹಿಡಿಯುವುದು ಸಹಜ. ಉದಾಹರಣೆಗೆ, 50.8ರ ಓಟದಲ್ಲಿ ಮೊದಲ ಅರ್ಧ 23.2, ಎರಡನೆಯದು 27.6 ಬಂದಿದ್ದರೆ ವ್ಯತ್ಯಾಸ 4.4. ಅಂದರೆ ಫೈನಲ್ ಅನ್ನುವ ಆತುರದಲ್ಲಿ ಮೊದಲೇ ಎಲ್ಲ ಖರ್ಚು ಮಾಡಿಕೊಂಡಿದ್ದಾನೆ. ತೀರಾ ಸಾಮಾನ್ಯವಾದ ತಪ್ಪು ಇದು. ಗುರಿಯ ವೇಗದಲ್ಲೇ 200 ಮೀಟರ್ ಓಡಿ ಓಡಿ ಅಭ್ಯಾಸವಾದರೆ ಸರಿಹೋಗುತ್ತದೆ. ವ್ಯತ್ಯಾಸ ಎರಡರ ಆಸುಪಾಸಿದ್ದರೆ ಓಟ ಚೆನ್ನಾಗಿಯೇ ಇತ್ತು, ಆ ದಿನ ಮೂವರು ಅವನಿಗಿಂತ ವೇಗದವರಿದ್ದರು, ಅಷ್ಟೇ. ಲೆಕ್ಕ ಗೊತ್ತಾಯಿತು ಅಂತ ನೀವೇ ಕೋಚ್ ಆಗಬೇಡಿ. ಅದು ನಿಮ್ಮ ಬಾಯಿಗೆ ಸರಿಯಾದ ಪ್ರಶ್ನೆ ಬರಲಿ ಅಂತ ಮಾತ್ರ.

ಆ ಪ್ರಶ್ನೆಯನ್ನು ಎದುರುಬದುರು ಕೂರಿಸಿಕೊಂಡು ಕೇಳಬೇಡಿ, ವಿಚಾರಣೆಯಂತಾಗುತ್ತದೆ. ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಒಂದು ಸುತ್ತು ಹಾಕಿ, ಹೋಟೆಲ್‌ನಲ್ಲಿ ಬೈಟು ಕಾಫಿ ಕುಡಿಯುತ್ತಾ ಕೇಳಿ. "ಯಾಕೆ ಸೋತೆ?" ಅಲ್ಲ, "ಕಾಲು ಎಲ್ಲಿ ಕಟ್ಕೊಂಡಿತು, ತಿರುವಲ್ಲೋ, ಸ್ಟ್ರೈಟ್‌ಗೆ ಬಂದಮೇಲೋ?" ಅವನು ಹೇಳತೊಡಗಿದರೆ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಹೇಳದಿದ್ದರೆ "ನೀನು ಓಡೋದ್ ನೋಡೋಕೆ ನಂಗೆ ತುಂಬಾ ಇಷ್ಟ ಕಣೋ" ಅಂತ ಒಂದು ಸಲ ಹೇಳಿ ಸುಮ್ಮನಾಗಿ. ಈ ಮಾತಿಗೂ ಪದಕಕ್ಕೂ ಸಂಬಂಧ ಇಲ್ಲದಿರುವುದೇ ಇದರ ಶಕ್ತಿ.

ಉದಾಹರಣೆ ಕೊಡಲೇಬೇಕೆನಿಸಿದರೆ ಮಿಲ್ಖಾ ಸಿಂಗ್ ಅವರದು ಕೊಡಿ, ಆದರೆ ಅವನು ಮಾತಾಡಿದ ಮೇಲೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇದೇ 400 ಮೀಟರ್, ಇದೇ ನಾಲ್ಕನೇ ಸ್ಥಾನ. ಕಂಚು ತಪ್ಪಿದ್ದು ಸೆಕೆಂಡಿನ ಸುಮಾರು ಹತ್ತನೇ ಒಂದು ಭಾಗದಲ್ಲಿ. ಅವರು ಸೋತ ಆ ಓಟದ ಸಮಯ 1998ರವರೆಗೆ ರಾಷ್ಟ್ರೀಯ ದಾಖಲೆಯಾಗಿ ನಿಂತಿತು. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರಿನಲ್ಲೂ 4×400 ರಿಲೇಯಲ್ಲೂ ಚಿನ್ನ ಬಂತು.

ಊಟ, ನಿದ್ದೆ ಗಮನಿಸುತ್ತಿರಿ. ನಾಲ್ಕೈದು ದಿನ ಮಂಕಾಗಿರುವುದು ಸಹಜ. ಎರಡು ವಾರ ಕಳೆದರೂ ನಿದ್ದೆ ಬರುತ್ತಿಲ್ಲ, ಸ್ನೇಹಿತರ ಫೋನ್ ಎತ್ತುತ್ತಿಲ್ಲ, ಕಾಲೇಜಿಗೂ ಹೋಗುತ್ತಿಲ್ಲ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. "ಬದುಕಿ ಏನು ಪ್ರಯೋಜನ" ಅನ್ನುವಂಥ ಮಾತು ಬಂದರೆ ಎರಡು ವಾರ ಕಾಯಬೇಡಿ, ಅಂದೇ ಮಾಡಿ.

ಇನ್ನೊಂದು ವಿಷಯ, ನಿಮ್ಮ ಪ್ರಶ್ನೆಯಲ್ಲಿ ಇದು ಬಂದಿಲ್ಲ. 4×400 ರಿಲೇಗೆ ಬೇಕಾಗುವುದು ನಾಲ್ಕು ಜನ, ಜೊತೆಗೆ ಮೀಸಲು ಓಟಗಾರರು. ಫೈನಲ್‌ನಲ್ಲಿ ನಾಲ್ಕನೆಯವನಾದವನು ವಿಶ್ವವಿದ್ಯಾಲಯದ ರಿಲೇ ತಂಡದ ಲೆಕ್ಕದಲ್ಲಿ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ಆಯ್ಕೆ ಯಾವಾಗ, ಟ್ರಯಲ್ಸ್ ಇದೆಯಾ ಅಂತ ಕಾಲೇಜಿನ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಸರ್ ಹತ್ತಿರ ಈ ವಾರವೇ ವಿಚಾರಿಸಬೇಕು. ಅವನೇ ಹೋಗಿ ಕೇಳಲಿ, ನೀವು ಫೋನ್ ಮಾಡಬೇಡಿ.