ಟ್ಯೂಷನ್‌ಗೆ ಹೋಗುವ ಎಸ್ಸೆಸ್ಸೆಲ್ಸಿ ಮಗಳು ನಾಷ್ಟಾ ಮಾಡುವುದೇ ಇಲ್ಲ, ಏನು ಮಾಡಲಿ?

ಬೇರೆಯವರಿಗೂ ತಿಳಿಯಲಿ ಅಂತ ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಮತ್ತೆ ಬರೆಯುತ್ತೇನೆ. ಮನೆ ವಿಜಯಪುರದಲ್ಲಿ, ಮಗಳಿಗೆ 15 ವರ್ಷ. ಬೆಳಿಗ್ಗೆ 6ಕ್ಕೆ ಟ್ಯೂಷನ್. ಐದೂವರೆಗೆ ಒಂದು ಕಪ್ ಚಾ, ನಾಲ್ಕು ಬಿಸ್ಕೀಟು. 8ಕ್ಕೆ ವಾಪಸ್ ಬಂದಾಗ ಉಪ್ಪಿಟ್ಟು ಇಟ್ಟರೆ "ಹಸಿವಿಲ್ಲ" ಅಂತ ಹಾಗೇ ಶಾಲೆಗೆ ಹೊರಡುತ್ತಾಳೆ. 11ಕ್ಕೆ ಗೆಳತಿಯರ ಜೊತೆ ಮಿರ್ಚಿ ಭಜಿ, ಇಲ್ಲವೇ ಪಾಕೀಟಿನ ಕುರುಕಲು. ಯಜಮಾನರು ಅಂಗಡಿ ಮುಚ್ಚಿ ಬಂದ ಮೇಲೆಯೇ ಮನೆಮಂದಿಯ ಊಟ, ಅಂದರೆ ರಾತ್ರಿ 10ರ ಮೇಲೆ.

ಅಕ್ಕಾರೆ, ನಿಮ್ಮ ತೊಂದರೆಯ ಬೇರು ಆ ಕೊನೆಯ ಸಾಲಿನಲ್ಲಿದೆ. ಬೆಳಗಿನ ನಾಷ್ಟಾ ತಪ್ಪಿಹೋಗುವುದು ಹಿಂದಿನ ರಾತ್ರಿಯೇ. 10:15ಕ್ಕೆ ಉಂಡು, ಮೊಬೈಲ್ ನೋಡಿ 11:30ಕ್ಕೆ ಮಲಗಿ, 5ಕ್ಕೆ ಎದ್ದ ಹುಡುಗಿಗೆ ಹಸಿವು ಎಲ್ಲಿಂದ ಬರಬೇಕು? ಹೊಟ್ಟೆ ಇನ್ನೂ ಭಾರವಿರುತ್ತದೆ, ನಿದ್ದೆ ಐದೂವರೆ ಗಂಟೆಯಷ್ಟೇ ಆಗಿರುತ್ತದೆ. ಅದರ ಮೇಲೆ ಖಾಲಿ ಹೊಟ್ಟೆಗೆ ಕಡಕ್ ಚಾ ಬಿದ್ದರೆ ಎದೆಯುರಿ, ಓಕರಿಕೆ. ಅವಳು ಹಸಿವಿಲ್ಲ ಅನ್ನುವುದು ನೆವವಲ್ಲ, ನಿಜವನ್ನೇ ಹೇಳುತ್ತಿದ್ದಾಳೆ. ದಯವಿಟ್ಟು ಬೈಯಬೇಡಿ, ಎದುರಿಗೆ ನಿಂತು ತಿನ್ನಿಸಲೂ ಬೇಡಿ.

ಇನ್ನೊಂದು ಮಾತು. ಹದಿಹರೆಯದಲ್ಲಿ ನಿದ್ದೆ ತರುವ ಮೆಲಟೋನಿನ್ ಹಾರ್ಮೋನು ಚಿಕ್ಕ ಮಕ್ಕಳಿಗಿಂತ ತಡವಾಗಿ ಏರುತ್ತದೆ, ಹಾಗಾಗಿ 9ಕ್ಕೇ ನಿದ್ದೆ ಬರುವುದು ಅವರಿಗೆ ಕಷ್ಟ. ಈ ವಯಸ್ಸಿಗೆ ಬೇಕಾದದ್ದು 8ರಿಂದ 10 ಗಂಟೆ ನಿದ್ದೆ. 5ಕ್ಕೆ ಏಳಬೇಕಾದರೆ ಲೆಕ್ಕ ಕೂಡುವುದೇ ಇಲ್ಲ. ಅದೇ ಮಾಸ್ತರರ ಹತ್ತಿರ ಸಂಜೆ ಬ್ಯಾಚ್ ಇದ್ದರೆ ಮೊದಲು ಅದನ್ನು ವಿಚಾರಿಸಿ. ಅದೊಂದು ಆದರೆ ಅರ್ಧ ಕೆಲಸ ಮುಗಿದಂತೆ. ಆಗದಿದ್ದರೆ ಕನಿಷ್ಠ 9:30ಕ್ಕೆ ಮಲಗುವಂತೆ ಮಾಡಿ, ಮೊಬೈಲ್ ಅಡುಗೆಮನೆಯಲ್ಲಿ ಚಾರ್ಜಿಗೆ ಇರಲಿ. ನಿಮ್ಮದೂ ಅಲ್ಲೇ ಇರಲಿ, ಇಲ್ಲದಿದ್ದರೆ ಅವಳು ಒಪ್ಪುವುದಿಲ್ಲ.

ರಾತ್ರಿ ಊಟ ಹೀಗೆ ಮಾಡಿ ನೋಡಿ: ಮಗಳಿಗೆ 8ಕ್ಕೆ ಬಡಿಸಿಬಿಡಿ. ಅಪ್ಪ ಬರುವವರೆಗೆ ಕಾಯುವುದು ಪ್ರೀತಿಯ ಪದ್ಧತಿ, ಅದನ್ನು ಮುರಿಯಿರಿ ಅನ್ನುವುದಿಲ್ಲ. ರವಿವಾರ ಎಲ್ಲರೂ ಕೂಡಿ ಕೂತು ಉಣ್ಣಿ, ಉಳಿದ ದಿನ ಮಾತ್ರ ಅವಳ ಗಂಗಾಳ ಮೊದಲು. ಮೊದಲ ಮೂರು ನಾಲ್ಕು ದಿನ ಫರಕು ಕಾಣುವುದಿಲ್ಲ. ಹೊಟ್ಟೆ ಹೊಸ ವೇಳೆಗೆ ಹೊಂದಿಕೊಳ್ಳಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಬಹಳ ಮನೆಗಳಲ್ಲಿ ನಾಲ್ಕನೇ ದಿನಕ್ಕೇ "ಇದರಿಂದ ಏನೂ ಆಗಲಿಲ್ಲ" ಅಂತ ಕೈಬಿಡುತ್ತಾರೆ. ತಪ್ಪುವುದು ಅಲ್ಲೇ.

ಇನ್ನು ಬೆಳಿಗ್ಗೆ. ಟ್ಯೂಷನ್ ಇರುವ ಮಕ್ಕಳಿಗೆ ನಾಷ್ಟಾವನ್ನು ಎರಡು ಪಾಲು ಮಾಡುವುದು ಒಳ್ಳೆಯದು. ಐದೂವರೆಗೆ ಚಾ ಜಾಗದಲ್ಲಿ ಒಂದು ಬಾಳೆಹಣ್ಣು, ಇಲ್ಲವೇ ಒಂದು ಹಿಡಿ ಹುರಿದ ಶೇಂಗಾ (20 ಗ್ರಾಂನಷ್ಟು) ಮತ್ತು ಒಂದು ಚೂರು ಬೆಲ್ಲ, ಇಲ್ಲವೇ ಒಂದು ಅಂಟಿನ ಉಂಡಿ. ಇಷ್ಟೇ ಸಾಕು. ಇದು ನಾಷ್ಟಾ ಅಲ್ಲ, ತಲೆ ಕೆಲಸ ಮಾಡಲಿ ಅಂತ. ನಿಜವಾದ ನಾಷ್ಟಾ 8ಕ್ಕೆ. ಆಗಲೂ ಹಸಿವಿಲ್ಲದಿದ್ದರೆ ಡಬ್ಬಿಗೆ ಹಾಕಿ ಕೊಡಿ, ಶಾಲೆಯ ಮೊದಲ ಬಿಡುವಿನಲ್ಲಿ ತಿನ್ನಲಿ. 8 ಗಂಟೆಯೇ ಆಗಬೇಕು ಅನ್ನುವ ನಿಯಮವೇನೂ ಇಲ್ಲ. 11ರ ಭಜಿಯ ಜಾಗವನ್ನು ಡಬ್ಬಿ ಹಿಡಿದರೆ ಆಯಿತು.

ತಟ್ಟೆಯಲ್ಲಿ ಏನಿರಬೇಕು ಅನ್ನುವುದಕ್ಕೆ ಒಂದು ಅಳತೆ ಹೇಳುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದಂತೆ 13ರಿಂದ 15 ವಯಸ್ಸಿನ ಹುಡುಗಿಗೆ ದಿನಕ್ಕೆ ಸುಮಾರು 43 ಗ್ರಾಂ ಪ್ರೋಟೀನ್, 30 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಅದರಲ್ಲಿ 12ರಿಂದ 15 ಗ್ರಾಂ ಪ್ರೋಟೀನ್ ಬೆಳಿಗ್ಗೆಯೇ ಸಿಕ್ಕರೆ ಮಧ್ಯಾಹ್ನದವರೆಗೆ ಹೊಟ್ಟೆ ತಡೆಯುತ್ತದೆ. ಚಾ ಮತ್ತು ನಾಲ್ಕು ಬಿಸ್ಕೀಟಿನಲ್ಲಿ ಸಿಗುವುದು ಎರಡು ಮೂರು ಗ್ರಾಂ, ಉಳಿದದ್ದೆಲ್ಲ ಮೈದಾ, ಸಕ್ಕರೆ. ಒಂದು ತಟ್ಟೆ ಅವಲಕ್ಕಿ (ಒಣ ಅವಲಕ್ಕಿ 60 ಗ್ರಾಂ) ಬರೀ 4 ಗ್ರಾಂ ಕೊಡುತ್ತದೆ. ಅದಕ್ಕೇ ಅವಲಕ್ಕಿ ತಿಂದ ಮಕ್ಕಳಿಗೆ ಎರಡು ತಾಸಿಗೆ ಮತ್ತೆ ಹಸಿವು. ಅದೇ ಅವಲಕ್ಕಿಗೆ ಒಗ್ಗರಣೆಯಲ್ಲಿ 25 ಗ್ರಾಂ ಶೇಂಗಾ ಹಾಕಿ, ಪಕ್ಕದಲ್ಲಿ ಒಂದು ಲೋಟ ಹಾಲು ಇಟ್ಟರೆ 15 ಗ್ರಾಂ ದಾಟುತ್ತದೆ. ಚುರಮುರಿ ಸೂಸಲಾ ಮಾಡುವುದಾದರೆ ಪುಠಾಣಿ (ಹುರಿಗಡಲೆ) ಪುಡಿಯನ್ನು ಮೇಲೆ ಉದುರಿಸಿ ಬಿಡದೆ ತಟ್ಟೆಗೆ ಮೂರು ಚಮಚ ಹಾಕಿ. ಚುರಮುರಿಯಿಂದ ಹೊಟ್ಟೆ ಉಬ್ಬುತ್ತದೆ, ಬಲ ಬರುವುದು ಪುಠಾಣಿಯಿಂದ.

ಆದರೆ ನಮ್ಮ ಕಡೆ ಇದಕ್ಕೆಲ್ಲ ಮೇಲಾದದ್ದು ರೊಟ್ಟಿಯೇ. ತಲಾ 50 ಗ್ರಾಂ ಹಿಟ್ಟಿನ ಎರಡು ಬಿಳಿಜೋಳದ ರೊಟ್ಟಿಯಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, ಎರಡು ಚಮಚ ಶೇಂಗಾ ಹಿಂಡಿಯಲ್ಲಿ (ಚಟ್ನಿಪುಡಿ) 5 ಗ್ರಾಂ, ಒಂದು ಸಣ್ಣ ಬಟ್ಟಲು ಮೊಸರಿನಲ್ಲಿ 3 ಗ್ರಾಂ. ಜೋಳದಲ್ಲಿ ಲೈಸಿನ್ ಅನ್ನುವ ಪ್ರೋಟೀನಿನ ಅಂಶ ಕಡಿಮೆ, ಕಾಳು ಮತ್ತು ಮೊಸರು ಆ ಕೊರತೆ ತುಂಬುತ್ತವೆ. ರೊಟ್ಟಿ ಜೊತೆ ಕಾಳುಪಲ್ಯ, ಮೊಸರು ಅಂತ ಹಿರಿಯರು ಹಚ್ಚಿಕೊಟ್ಟ ಜೋಡಿ ಬಹಳ ಸರಿಯಾದ ಜೋಡಿ.

"ಬೆಳಿಗ್ಗೆ ಬೆಳಿಗ್ಗೆ ರೊಟ್ಟಿ ಯಾರು ತಿಂತಾರೆ" ಅಂದರೆ ಮುಟಗಿ ಮಾಡಿಕೊಡಿ. ಇದನ್ನು ವಿವರವಾಗಿಯೇ ಹೇಳುತ್ತೇನೆ. ರೊಟ್ಟಿಯನ್ನು ದಿನಕ್ಕಿಂತ ಎರಡರಷ್ಟು ದಪ್ಪ ಬಡಿದು, ಸಣ್ಣ ಉರಿಯಲ್ಲಿ ಒಳಗೂ ಬೇಯುವಂತೆ ಸುಡಿ. ಅಷ್ಟರಲ್ಲಿ ಒಳಕಲ್ಲಿನಲ್ಲಿ ನಾಲ್ಕು ಎಸಳು ಬಳ್ಳೊಳ್ಳಿ, ಅರ್ಧ ಚಮಚ ಜೀರಿಗೆ, ಒಂದು ಹಸಿಮೆಣಸಿನಕಾಯಿ, ಉಪ್ಪು ಜಜ್ಜಿಟ್ಟಿರಿ. ರೊಟ್ಟಿ ಹಂಚಿನಿಂದ ಇಳಿದ ಕೂಡಲೇ, ಹೊಗೆಯಾಡುವಾಗಲೇ, ಮುರಿದು ಅದರೊಳಗೆ ಹಾಕಿ ಕುಟ್ಟಿ. ಒಂದು ಚಮಚ ತುಪ್ಪ ಹಾಕಿ, ಅಂಗೈಯಲ್ಲಿ ಒತ್ತಿ ಉಂಡಿ ಕಟ್ಟಿ. ಆರಿದ ರೊಟ್ಟಿಯಿಂದ ಮಾಡಿದರೆ ಹಿಟ್ಟು ಉದುರಿಹೋಗುತ್ತದೆ, ಉಂಡಿ ಕೂಡುವುದಿಲ್ಲ. ಆಗ ಮಕ್ಕಳು ಒಮ್ಮೆ ತಿಂದು ಮತ್ತೆ ಮುಟ್ಟುವುದಿಲ್ಲ. ಬಿಸಿ ಇದ್ದಾಗ ಕಟ್ಟಿದ ಎರಡು ಉಂಡಿ ಡಬ್ಬಿಯಲ್ಲಿ 11ರವರೆಗೆ ಮೆತ್ತಗೇ ಇರುತ್ತದೆ. ಜೊತೆಗೆ ಗಟ್ಟಿ ಮೊಸರು. ಕೈಯಲ್ಲಿ ಹಿಡಿದು ತಿನ್ನಬಹುದು, ಗೆಳತಿಯರ ಎದುರು ಡಬ್ಬಿ ತೆರೆದು ರೊಟ್ಟಿ ಮುರಿಯುವ ಸಂಕೋಚವೂ ಇಲ್ಲ. ಈ ವಯಸ್ಸಿನಲ್ಲಿ ಆ ಸಂಕೋಚ ಸಣ್ಣದಲ್ಲ.

ಮಡಕಿ ಕಾಳಿನ ಉಸುಳಿ ವಾರಕ್ಕೆ ಎರಡು ಸಲ ಇರಲಿ. ಒಬ್ಬರಿಗೆ 30 ಗ್ರಾಂ ಒಣ ಕಾಳು, ಅಂದರೆ 7 ಗ್ರಾಂನಷ್ಟು ಪ್ರೋಟೀನ್. 8 ತಾಸು ನೆನೆಸಿ, ನೀರು ಪೂರ್ತಿ ಬಸಿದು, ಅರಿವೆಯಲ್ಲಿ ಸಡಿಲಾಗಿ ಕಟ್ಟಿ. ನಮ್ಮ ಬೇಸಿಗೆಯಲ್ಲಿ 10-12 ತಾಸಿಗೇ ಮೊಳಕೆ ಬರುತ್ತದೆ, ಚಳಿಗಾಲದಲ್ಲಿ ಒಂದು ಪೂರ್ತಿ ದಿನ ಬೇಕು. ಕಾಳು ಲೋಳೆಯಾಗಿ ವಾಸನೆ ಬಂದರೆ ನೀರು ಉಳಿದಿದೆ, ಗಾಳಿ ಆಡಿಲ್ಲ ಅಂತ ಅರ್ಥ. ಅದನ್ನು ಚೆಲ್ಲಿಬಿಡಿ. ಕುಕ್ಕರಿಗೆ ಹಾಕಬೇಡಿ, ಒಂದೇ ಸೀಟಿಗೆ ಮುದ್ದೆಯಾಗುತ್ತದೆ. ಬಾಣಲೆಯಲ್ಲಿ ಮುಚ್ಚಿ ಬೇಯಿಸಿ, ಬೆರಳಲ್ಲಿ ಒತ್ತಿದರೆ ಒಡೆಯಬೇಕು, ಆಕಾರ ಮಾತ್ರ ಉಳಿಯಬೇಕು. ಹಸಿ ಮೊಳಕೆ ಡಬ್ಬಿಗೆ ಬೇಡ, ಸೆಕೆಗೆ ಬೇಗ ಕೆಡುತ್ತದೆ.

ಒಲೆ ಆರಿಸಿದ ಮೇಲೆ ಅರ್ಧ ನಿಂಬೆ ಹಿಂಡಿ. ಇಂಡಿ ತಾಲ್ಲೂಕಿನ ನಿಂಬೆ ನಿಮಗೆ ಮನೆ ಬಾಗಿಲಲ್ಲೇ ಸಿಗುತ್ತದೆ. ಕಾಳು, ಜೋಳ, ಸೊಪ್ಪಿನಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಹಿಡಿಯುವುದಿಲ್ಲ, ಸಿ ಜೀವಸತ್ವ ಇದ್ದರೆ ಹೆಚ್ಚು ಹಿಡಿಯುತ್ತದೆ. ಕುದಿಸಿದರೆ ಆ ಜೀವಸತ್ವ ನಾಶ, ಅದಕ್ಕೇ ಕೊನೆಗೆ ಹಿಂಡುವುದು. ಚಾ ಇದಕ್ಕೆ ಉಲ್ಟಾ: ಅದರ ಟ್ಯಾನಿನ್ ಅನ್ನುವ ಒಗರು ಅಂಶ ಕಬ್ಬಿಣಾಂಶವನ್ನು ಕಟ್ಟಿಹಾಕುತ್ತದೆ. ಚಾ ಬಿಡಿಸಲು ಆಗದಿದ್ದರೆ ನಾಷ್ಟಾಕ್ಕಿಂತ ಒಂದು ತಾಸು ಹಿಂದೆ ಅಥವಾ ಒಂದು ತಾಸು ಮುಂದೆ ಸರಿಸಿ. ಸಂಜೆ 5ಕ್ಕೆ ಕುಡಿದರೆ ಎಲ್ಲಕ್ಕಿಂತ ಚಲೋ.

ಈ ಕಬ್ಬಿಣಾಂಶದ ಮಾತಿಗೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಕಂಡುಬಂತು. ಹಸಿವಿಲ್ಲದಿರುವುದೂ ರಕ್ತಹೀನತೆಯ ಲಕ್ಷಣವೇ. ಓದಲು ಕೂತರೆ ತೂಕಡಿಕೆ, ಮೆಟ್ಟಿಲು ಹತ್ತಿದರೆ ಏದುಸಿರು, ಬಳಪ ಅಥವಾ ಮಣ್ಣು ತಿನ್ನುವ ಆಸೆ, ಮುಟ್ಟಿನಲ್ಲಿ ವಿಪರೀತ ಸ್ರಾವ, ಇವುಗಳಲ್ಲಿ ಯಾವುದಿದ್ದರೂ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12ಕ್ಕಿಂತ ಕಡಿಮೆ ಬಂದರೆ ಊಟದಿಂದಷ್ಟೇ ಸರಿಹೋಗಲಿ ಅಂತ ಕಾಯಬೇಡಿ, ವೈದ್ಯರಿಗೆ ತೋರಿಸಿ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಗುಳಿಗೆ ಕೊಡುತ್ತಾರೆ, 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು ಫೋಲಿಕ್ ಆಸಿಡ್ ಇರುವಂಥದ್ದು. ನಾಷ್ಟಾ ಮಾಡದ ಮಕ್ಕಳು ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ, ಹೊಟ್ಟೆ ತೊಳಸಿ, ಮುಂದಿನ ವಾರದಿಂದ ಕಿಸೆಯಲ್ಲಿ ಇಟ್ಟುಕೊಂಡು ಬರುತ್ತಾರೆ. ಊಟವಾದ ಮೇಲೆ ನೀರಿನ ಜೊತೆ ತಗೊಳ್ಳಲು ಹೇಳಿ, ಹಾಲು ಅಥವಾ ಚಾ ಜೊತೆ ಬೇಡ. ಮಲ ಕಪ್ಪಾದರೆ ಹೆದರಬಾರದು ಅಂತಲೂ ಮೊದಲೇ ತಿಳಿಸಿಡಿ. ಅದೇ ಶಾಲೆಗಳಲ್ಲಿ ಹತ್ತನೆಯವರೆಗೆ ಹಾಲು, ತತ್ತಿ ಇವೆ, ತತ್ತಿ ತಿನ್ನದವರಿಗೆ ಬಾಳೆಹಣ್ಣು. ಅದನ್ನು ಅವಳು ನಿಜವಾಗಿ ತಿನ್ನುತ್ತಾಳೋ ಬೇರೆಯವರಿಗೆ ಕೊಡುತ್ತಾಳೋ ಸಮಾಧಾನದಿಂದ ಕೇಳಿ.

ಕೇಳುವಾಗ ಇನ್ನೊಂದನ್ನು ಗಮನಿಸಿ. ದಪ್ಪ ಆಗುತ್ತೇನೆ ಅನ್ನುವ ಹೆದರಿಕೆಯಿಂದ ನಾಷ್ಟಾ ಬಿಡುವ ಹುಡುಗಿಯರು ಬಹಳ. ನಾಷ್ಟಾ ಬಿಟ್ಟರೆ ತೂಕ ಇಳಿಯುತ್ತದೆ ಅನ್ನುವುದಕ್ಕೂ ಬಿಟ್ಟರೆ ದಪ್ಪ ಆಗುತ್ತಾರೆ ಅನ್ನುವುದಕ್ಕೂ ಗಟ್ಟಿ ಆಧಾರವಿಲ್ಲ, ಹಾಗಾಗಿ ಎರಡನ್ನೂ ಹೇಳಿ ಹೆದರಿಸಬೇಡಿ. ಊಟ ಬಚ್ಚಿಡುವುದು, ತಿಂದು ವಾಂತಿ ಮಾಡುವುದು, ಮುಟ್ಟು ನಿಂತುಹೋಗುವುದು ಕಂಡರೆ ಮಾತ್ರ ತಡ ಮಾಡದೆ ವೈದ್ಯರ ಹತ್ತಿರ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ನಲ್ಲಿ ಅವಳು ನಿಮ್ಮ ಎದುರು ಹೇಳಲಾಗದ್ದನ್ನೂ ಹೇಳಬಹುದು.

ಓಡಾಟದ ಬಗ್ಗೆ ಒಂದೇ ಮಾತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 60 ನಿಮಿಷ. ಟ್ಯೂಷನ್‌ಗೆ ಸ್ಕೂಟಿ ಮೇಲೆ ಬಿಟ್ಟು ಬರುವ ಬದಲು ಸೈಕಲ್ ಕೊಟ್ಟರೆ ಅರ್ಧ ಅಲ್ಲೇ ಮುಗಿಯುತ್ತದೆ, ಹಸಿವೂ ಚೆನ್ನಾಗಿ ಆಗುತ್ತದೆ. ಒಬ್ಬಳೇ ಕತ್ತಲಲ್ಲಿ ಹೋಗುವುದು ಬೇಡ, ಓಣಿಯ ಗೆಳತಿಯರು ಜೊತೆಗಿರಲಿ.

ಪರೀಕ್ಷೆಯ ದಿನ ಹೊಸದೇನನ್ನೂ ಮಾಡಬೇಡಿ. ಪೇಪರ್ ಶುರುವಾಗುವ ಎರಡು ತಾಸು ಮೊದಲು, ಆ ಹೊತ್ತಿಗಾಗಲೇ ರೂಢಿಯಾದ ನಾಷ್ಟಾವನ್ನೇ, ದಿನಾ ತಿನ್ನುವುದರ ಮುಕ್ಕಾಲು ಪಾಲು ಕೊಡಿ. ಎಣ್ಣೆಯಲ್ಲಿ ಕರಿದದ್ದು ಬೇಡ, ಸಿಹಿಯ ಹೆಸರಲ್ಲಿ ಒಂದು ಚಮಚ ಮೊಸರು ಸಕ್ಕರೆ ಸಾಕು. ಹೊರಡುವಾಗ ಒಂದು ಲೋಟ ನೀರು, ಚೀಲದಲ್ಲಿ ಒಂದು ಬಾಟಲಿ.