ಕಂಪ್ಯೂಟರಿಗೆ ಹೇಳೋ ವಾಯ್ಸ್ ಕಮಾಂಡ್ ಆಡುಮಾತಿನ ಹಾಗೇ ಇರಬೇಕಾ?

ಮಣಿಕಟ್ಟಿನ ನೋವು, ಬಾಯಲ್ಲೇ ಹೇಳಿ ಕಂಪ್ಯೂಟರ್ ನಡೆಸೋಕೆ ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನಲ್ಲಿ ಬರೆದ ಸ್ಕ್ರಿಪ್ಟು, "ಇಡು, ಮುಚ್ಚು, ತೆಗಿ" ಅಂತ ಯಾರಿಗೂ ಕಲಿಸದೇ ಬರೋ ಕಮಾಂಡ್‌ಗಳ ಪಟ್ಟಿ. ನಿಮ್ಮ ಪ್ರಶ್ನೆ ಓದ್ತಾ ನನ್ನ ಹಳೇ ಸ್ಕ್ರಿಪ್ಟನ್ನೇ ಯಾರೋ ತೆಗೆದು ನೋಡಿದ ಹಾಗಾಯ್ತು. ಒಂದೊಂದು ಕಮಾಂಡಿಗೆ ಒಂದು ಪದ ಸಾಕಾ, ಇಡೀ ವಾಕ್ಯ ಬೇಕಾ ಅಂತ ಕೇಳಿದ್ದೀರಿ. ಅದು ಆಮೇಲಿನ ಮಾತು. ಮೊದಲು ಆ ಪಟ್ಟಿ ಹರಿದು ಹಾಕಿ.

ನನ್ನದು ಮಂಡ್ಯದಲ್ಲಿ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್ ಜೊತೆಗೆ ಫ್ಲೆಕ್ಸ್ ಡಿಸೈನ್. ಈ ಕಡೆಯವರಿಗೆ ಫ್ಲೆಕ್ಸ್ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಮೇಲೆ ಊರಮ್ಮ, ಪಕ್ಕದಲ್ಲಿ ಲೀಡರು, ಕೆಳಗೆ "ಶುಭ ಕೋರುವವರು" ಅಂತ ಸಾಲು ಸಾಲು ಮುಖ. ಪ್ರತಿ ಮುಖದ ಹಿನ್ನೆಲೆ ಕತ್ತರಿಸಬೇಕು, ಕೆಳಗೆ ಹೆಸರು ಹಾಕಬೇಕು. ಯಾರ ಮುಖ ಯಾರಿಗಿಂತ ಚಿಕ್ಕದಾಯ್ತು ಅನ್ನೋದೇ ದೊಡ್ಡ ಜಗಳ. ವರ್ಷಗಟ್ಟಲೆ ಮೌಸ್ ಹಿಡಿದು ಬಲಗೈ ಹೆಬ್ಬೆರಳು ಜೋಮು ಹಿಡಿಯೋಕೆ ಶುರುವಾಯ್ತು. ಡಾಕ್ಟರು ಕೈಗೆ ರೆಸ್ಟ್ ಕೊಡಿ ಅಂದರು. ಅಂಗಡಿ ಮುಚ್ಚೋಕಾಗುತ್ತಾ? ಅದಕ್ಕೇ ಬಾಯಲ್ಲಿ ಹೇಳಿ ಕೆಲಸ ಮಾಡಿಸೋಣ ಅಂತ ಹೊರಟೆ.

ಪೈಥಾನ್‌ನ ಸ್ಪೀಚ್‌ರೆಕಗ್ನಿಷನ್ ಲೈಬ್ರರಿ ಹಾಕಿ, ಮಾತನ್ನ ಅಕ್ಷರ ಮಾಡಿಕೊಡೋ ಗೂಗಲ್‌ನ ಕನ್ನಡ ಸೇವೆ ಜೋಡಿಸಿದೆ. ಸೇವ್ ಮಾಡೋಕೆ "ಇಡು". ಸೇವ್ ಮಾಡದೇ ಮುಚ್ಚೋಕೆ "ಬಿಡು". ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ನಮ್ಮ ಕಡೆ "ಬುಡು" ಅಂತಾರೆ, ಸಹಜವಾಗಿರಲಿ ಅಂತ ಅದನ್ನೂ ಸೇರಿಸಿದೆ. ಮುಚ್ಚೋಕೆ ಆಲ್ಟ್ ಎಫ್4 ಒತ್ತಿದಾಗ "ಸೇವ್ ಮಾಡ್ಲಾ" ಅಂತ ಕೇಳೋ ಕಿಟಕಿ ಕಿರಿಕಿರಿ ಅನ್ನಿಸಿ, ಅದಕ್ಕೂ ಸ್ಕ್ರಿಪ್ಟೇ "ಬೇಡ" ಅನ್ನೋ "ಎನ್" ಒತ್ತೋ ಹಾಗೆ ಬರೆದೆ.

ಒಂದು ಸಂಜೆ ಕೋರಲ್‌ಡ್ರಾ ಅನ್ನೋ ಡಿಸೈನ್ ಸಾಫ್ಟ್‌ವೇರಲ್ಲಿ ಹಬ್ಬದ ಫ್ಲೆಕ್ಸಿನ ಕೆಲಸ ಮುಗೀತಾ ಬಂದಿತ್ತು. ಹಿಂದೆ ಕೂತಿದ್ದ ಇಬ್ಬರಲ್ಲಿ ಒಬ್ಬರು, "ಏನ್ ಸಾರ್, ನಮ್ ಹುಡುಗನ್ನ ಕೆಳಗಡೆ ಸಾಲಿಗೆ ಆಕಿದ್ದೀರಲ್ಲ" ಅಂದರು. ಪಕ್ಕದವರು ಸಮಾಧಾನ ಮಾಡೋಕೆ, "ಓಗ್ಲಿ ಬುಡಣ್ಣ" ಅಂದರು. ಕೋರಲ್‌ಡ್ರಾ ಮುಚ್ಚಿಕೊಂಡಿತು. ಸ್ಕ್ರೀನ್ ಮೇಲೆ ಬರೀ ವಾಲ್‌ಪೇಪರ್. ಮೂವರೂ ಸುಮ್ನೆ ನೋಡ್ತಾ ಕೂತೆವು.

ಆಗಿದ್ದು ಏನು ಅಂತ ಸ್ಕ್ರಿಪ್ಟು ಬರೆದಿಟ್ಟ ಲಾಗ್ ತೆಗೆದು ನೋಡಿದೆ. ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದರೆ ನಿಮ್ಮ ಪಟ್ಟಿಯಲ್ಲೂ ಇದೇ ಕಾಯ್ತಾ ಇದೆ. ಪಕ್ಕದವರ ಮಾತನ್ನ ಗೂಗಲ್ ತಿದ್ದಿ "ಹೋಗ್ಲಿ ಬಿಡಣ್ಣ" ಅಂತ ಬರೆದುಕೊಟ್ಟಿತ್ತು. ನಾನು ವಾಕ್ಯದ ಒಂದೊಂದು ಪದವನ್ನೂ ಪದಗಳ ಹೋಲಿಕೆ ಅಳೆಯೋ ಪೈಥಾನ್‌ನ ಡಿಫ್‌ಲಿಬ್‌ಗೆ ಕೊಟ್ಟು, ಹತ್ತಿರದ ಕಮಾಂಡ್ ಹುಡುಕಿಸ್ತಿದ್ದೆ. ಅದರಲ್ಲಿ ಹೋಲಿಕೆ 0.6 ಇದ್ದರೆ ಸಾಕು, ಪಾಸು. ನಾವೇ ಬದಲಾಯಿಸದಿದ್ದರೆ ಅದು ಇಟ್ಟುಕೊಳ್ಳೋ ಅಂಕಿಯೇ ಅದು. ಕಂಪ್ಯೂಟರ್ ಲೆಕ್ಕದಲ್ಲಿ "ಬಿಡು" 4 ಚಿಹ್ನೆ: ಬ, ಗುಡಿಸು, ಡ, ಕೊಂಬು. "ಬಿಡಣ್ಣ" 6 ಚಿಹ್ನೆ, ಒತ್ತಕ್ಷರ ತರೋ ಹಲಂತವೂ ಒಂದು. ಎರಡರಲ್ಲೂ ಸಾಲಾಗಿ ಹೊಂದೋದು ಮೊದಲ 3. ಮೂರರ ಎರಡರಷ್ಟು 6, ಒಟ್ಟು ಚಿಹ್ನೆ 10, ಭಾಗಿಸಿದರೆ ಸರಿಯಾಗಿ 0.6. ಗಡಿ ಮೇಲೇ ನಿಂತು ಪಾಸಾಯ್ತು! ಕೋರಲ್‌ಡ್ರಾ ಕ್ರ್ಯಾಶ್ ಆಗಿದ್ದರೆ ಬ್ಯಾಕಪ್‌ ಆಸೆಯಾದರೂ ಇರ್ತಿತ್ತು. ಇಲ್ಲಿ ಸೇವ್ ಬೇಡ ಅಂತ ನಾನೇ ಹೇಳಿಸಿದ್ದೆ.

0.6 ಅನ್ನ 0.9 ಮಾಡಿದರೆ ಸರಿಹೋಗಲ್ವಾ ಅಂತ ಕೇಳಬಹುದು. ಹೋಗಲ್ಲ. ಆ ಮನುಷ್ಯ ಬರೀ "ಓಗ್ಲಿ ಬುಡು" ಅಂದಿದ್ದರೂ ನೂರಕ್ಕೆ ನೂರು ಹೊಂದ್ತಿತ್ತು. ಮಂಡ್ಯದಲ್ಲಿ ಗಂಟೆಗೆ ಎಷ್ಟು ಸಲ "ಬುಡು" ಅಂತಾರೆ ಲೆಕ್ಕ ಇಟ್ಟೋರುಂಟಾ? ಸಹಜವಾದ ಪದ ಅಂದರೆ ಎಲ್ಲರ ಬಾಯಲ್ಲೂ ದಿನವಿಡೀ ಓಡಾಡೋ ಪದ. ಅದನ್ನೇ ಕಮಾಂಡ್ ಮಾಡಿ ಮೈಕ್ ತೆರೆದಿಟ್ಟರೆ, ಕೀಬೋರ್ಡನ್ನ ಗಿರಾಕಿಗಳ ಕೈಗೆ ಕೊಟ್ಟ ಹಾಗೆ. ಆ ಫ್ಲೆಕ್ಸು ರಾತ್ರಿ ಕೂತು ಅದೇ ನೋವಿನ ಕೈಯಲ್ಲಿ ಮತ್ತೆ ಮಾಡಿದೆ. ಆ ಊರಿನ ಹಬ್ಬದ ಕೆಲಸ ಆಮೇಲೆ ಬೇರೆ ಅಂಗಡಿಗೆ ಹೋಯ್ತು.

ಇನ್ನೊಂದು ತೊಂದರೆ, ನಮ್ಮ ಕ್ರಿಯಾಪದಗಳೇ ಒಂದಕ್ಕೊಂದು ಪ್ರಾಸ. ಇಡು, ಬಿಡು, ಕೊಡು, ತೊಡು, ನೋಡು, ಮಾಡು. ಹ ಬಿಟ್ಟು ಮಾತಾಡೋ ನಮ್ಮಂಥವರ ಬಾಯಲ್ಲಿ "ಹತ್ತು"ಗೂ "ಒತ್ತು"ಗೂ ಮೊದಲ ಸ್ವರ ಮಾತ್ರ ಬೇರೆ. ವಿಮಾನದವರು ಬಿ, ಸಿ, ಡಿ ಅನ್ನದೇ ಬ್ರಾವೋ, ಚಾರ್ಲಿ, ಡೆಲ್ಟಾ ಅನ್ನೋದು ಇದಕ್ಕೇ. ಟಾಲನ್ ಅಂತ ಒಂದು ಸಾಫ್ಟ್‌ವೇರ್ ಇದೆ, ಕೈನೋವಿರೋ ಪ್ರೋಗ್ರಾಮರ್‌ಗಳು ಬಾಯಲ್ಲೇ ಕೋಡ್ ಬರೆಯೋಕೆ ಬಳಸೋದು. ಅದರಲ್ಲಿ ಎ, ಬಿ, ಸಿ, ಡಿ ಅನ್ನೋಕೆ ಏರ್, ಬ್ಯಾಟ್, ಕ್ಯಾಪ್, ಡ್ರಮ್. ಕಲೀಲೇಬೇಕು, ಬೇರೆ ದಾರಿ ಇಲ್ಲ.

ಕಲಿಯೋಕೆ ಯಾಕೆ ಇಷ್ಟು ಹೆದರಿಕೆ? ಕನ್ನಡ ಟೈಪ್ ಮಾಡೋ "ನುಡಿ" ಸಾಫ್ಟ್‌ವೇರಲ್ಲಿ ಕ್ಷ ಬರೆಯೋಕೆ ಕೆ, ಎಫ್, ಎಕ್ಸ್ ಒತ್ತುತ್ತೀವಿ. ಎಫ್‌ಗೂ ಒತ್ತಕ್ಷರಕ್ಕೂ ಏನು ಸಂಬಂಧ? ಏನೂ ಇಲ್ಲ. ಆದರೂ ಬೆರಳು ತಾನಾಗೇ ಹೋಗುತ್ತೆ. ಬಾಯಿಯೂ ಅಷ್ಟೇ.

ಹಾಗಂತ ಇಲ್ಲದ ಪದ ಹುಟ್ಟಿಸಬೇಡಿ. ಗೂಗಲ್‌ಗೆ ಗೊತ್ತಿಲ್ಲದ ಪದ ಹೇಳಿದರೆ ಗೊತ್ತಿರೋ ಯಾವುದೋ ಪದ ಮಾಡಿ ಕೊಡುತ್ತೆ. ಅದಕ್ಕೆ ಗೊತ್ತಿರಬೇಕು, ನಿಮ್ಮ ಅಂಗಡೀಲಿ ಯಾರೂ ಆಡಬಾರದು. ನಾನು ದೂರದ ಊರಿನ ಹೆಸರು ಇಟ್ಟುಕೊಂಡಿದ್ದೀನಿ. ಸೇವ್‌ಗೆ "ಯಾದಗಿರಿ", ಅನ್‌ಡೂಗೆ "ಭಟ್ಕಳ", ಗ್ರೂಪ್ ಮಾಡೋಕೆ "ಚಿತ್ರದುರ್ಗ". ಇಡೀ ಮಾತು ಆ ಒಂದೇ ಪದ ಆಗಿರಬೇಕು, ವಾಕ್ಯದ ಮಧ್ಯೆ ಬಂದರೆ ಲೆಕ್ಕಕ್ಕಿಲ್ಲ. ಹತ್ತಿರದ ಹೋಲಿಕೆ ಹುಡುಕೋದನ್ನ ತೆಗೆದೇ ಹಾಕಿದ್ದೀನಿ. ಸೇವ್ ಮಾಡದೇ ಮುಚ್ಚೋಕೆ ಬಾಯಿಮಾತಿನ ಕಮಾಂಡೇ ಇಲ್ಲ, ಅದಕ್ಕೆ ಕೈಯೇ ಬೇಕು. ಮುಖ ಎಳೆದು ಕೂರಿಸೋ ಕೆಲಸ ಈಗ ಎಡಗೈ ಮೌಸಲ್ಲಿ. ಅದನ್ನ ಬಾಯಲ್ಲಿ ಮಾಡಿಸೋಕೆ ಹೋಗಬೇಡಿ, ಹುಚ್ಚು ಹಿಡಿಯುತ್ತೆ.

ವಾಕ್ಯ ಬೇಕಾ ಅಂದಿರಿ. ಬೇಡ. ಮಾತು ನಿಂತು 0.8 ಸೆಕೆಂಡ್ ಮೌನ ಆದ ಮೇಲೇ ಆ ಲೈಬ್ರರಿ ಮಾತು ಮುಗೀತು ಅಂತ ತಿಳಿಯೋದು, ಆಮೇಲೆ ನೆಟ್ಟಿಗೆ ಹೋಗಿ ಬರಬೇಕು. ವಾಕ್ಯದ ಮಧ್ಯೆ ಉಸಿರು ತೆಗೆದುಕೊಂಡರೆ ಅರ್ಧಕ್ಕೇ ಕತ್ತರಿಸುತ್ತೆ.

ಊರಿನ ಹೆಸರು ನೀವೂ ಬಳಸೋದಾದರೆ ನನ್ನ ಪಟ್ಟಿ ಹಾಗೇ ಎತ್ತಿಕೊಳ್ಳಬೇಡಿ. ನಿಮ್ಮ ಊರು ಯಾವುದು ಅಂತ ಬರೆದಿಲ್ಲ. ಕಲಬುರಗಿ ಕಡೆಯವರಾದರೆ ಯಾದಗಿರಿ ಬಿಟ್ಟು ಮದ್ದೂರು, ಮಳವಳ್ಳಿ ಇಟ್ಟುಕೊಳ್ಳಿ.